ಬಂದವರೇ, ಹೋದವರೇ? ಇಂಗ್ಲಿಷ್ ತರಗತಿಯಲ್ಲಿ ‘ವಲಸೆ’ಯ ನೆಲೆ

ಹದಿಹರೆಯದವರಿಗೆ ಇಂಗ್ಲಿಷ್ ಕಲಿಸುವ ಸಾಮಗ್ರಿಗಳಲ್ಲಿ ‘ಇಮಿಗ್ರೇಶನ್’ ಪರಿಚಿತ ಪಾಠವಸ್ತು. ಮೊದಲು ಪದಪಟ್ಟಿ, ಬಳಿಕ ಕುಟುಂಬವೊಂದರ ಕಥೆ, ಕೊನೆಗೆ ‘ವಲಸಿಗರಿಗೆ ಅವಕಾಶ ನೀಡಬೇಕೆ?’ ಎಂಬ ಚರ್ಚೆ ಎಂಬುದು ಅದರ ರೂಢಿಯ ಕ್ರಮ. ಇಂಡಿ ತಾಲ್ಲೂಕಿನ ಸಾಲೋಟಗಿಯಂತಹ ಊರಿನ ತರಗತಿಗೆ ಈ ಕ್ರಮವು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ತೊಡಕಿರುವುದು ಪದಗಳ ಕಾಠಿಣ್ಯದಲ್ಲಲ್ಲ, ಅವು ಕಲಿಕಾರ್ಥಿಯನ್ನು ನಿಲ್ಲಿಸುವ ನೆಲೆಯಲ್ಲಿ ಎಂಬುದು ನಮ್ಮ ವಾದ.

ಇಂಗ್ಲಿಷಿನ ‘ಇಮಿಗ್ರೇಟ್’, ‘ಎಮಿಗ್ರೇಟ್’ ಜೋಡಿಯು ಚಲನೆಯ ದಿಕ್ಕನ್ನು ಪೂರ್ವಪ್ರತ್ಯಯದಲ್ಲೇ ಅಡಗಿಸಿಕೊಂಡಿದೆ. ಎರಡೂ ಸಾಮಾನ್ಯವಾಗಿ ದೇಶದ ಗಡಿಯೊಂದನ್ನು ಮೊದಲೇ ಗ್ರಹಿಸುತ್ತವೆ. ಕನ್ನಡದ ‘ವಲಸೆ’ ದಿಕ್ಕಿನ ವಿಷಯದಲ್ಲಿ ತಟಸ್ಥ. ‘ವಲಸೆ ಹೋಗು’, ‘ವಲಸೆ ಬರು’ ಎಂಬಲ್ಲಿ ನೋಡುವವರ ನೆಲೆಯನ್ನು ತಿಳಿಸುವುದು ಕ್ರಿಯಾಪದ. ಉತ್ತರ ಕರ್ನಾಟಕದ ‘ಗುಳೆ’ ಇನ್ನೂ ಭಿನ್ನ. ಅದು ಹೆಚ್ಚಾಗಿ ‘ಹೋಗು’, ‘ಏಳು’, ‘ಹೊರಡು’ಗಳೊಡನೆ ಕೂಡುತ್ತದೆ. ಬಿಟ್ಟುಹೋಗುವ ಊರು ಅದರ ಕೇಂದ್ರ, ಮಳೆಯ ಅಭಾವ ಅದರ ಹಿನ್ನೆಲೆ, ಮರಳುವಿಕೆ ಅದರ ನಿರೀಕ್ಷೆ. ‘ಇಮಿಗ್ರೇಶನ್ ಎಂದರೆ ವಲಸೆ’ ಎಂಬ ಸರಳ ಸಮೀಕರಣವು ಈ ಮೂರನ್ನೂ ಮರೆಸುತ್ತದೆ.

ವಿಜಯಪುರ ಜಿಲ್ಲೆಯಿಂದ ದುಡಿಮೆಗಾಗಿ ಗೋವಾ, ಮಹಾರಾಷ್ಟ್ರ, ಬೆಂಗಳೂರುಗಳಿಗೆ ಕುಟುಂಬಗಳು ತೆರಳುತ್ತವೆ. ಅಂತಹ ಮನೆಯ ವಿದ್ಯಾರ್ಥಿನಿ ಮೇಲಿನ ಚರ್ಚೆಯಲ್ಲಿ ಮಾತನಾಡುವಾಗ ಪ್ರಶ್ನೆಯ ರಚನೆಯೇ ಅವಳನ್ನು ಆತಿಥೇಯರ ಸಾಲಿನಲ್ಲಿ ನಿಲ್ಲಿಸುತ್ತದೆ: ‘ವೀ’ ಎಂದರೆ ಅವಕಾಶ ಕೊಡುವವರು, ‘ದೇ’ ಎಂದರೆ ಅವಳ ತಂದೆತಾಯಿ. ಇದಕ್ಕೆ ಪರಿಹಾರವೆಂದು ‘ನಿಮ್ಮ ಮನೆಯ ಅನುಭವ ಹೇಳಿ’ ಎನ್ನುವುದೂ ತರವಲ್ಲ. ಅದು ಮನೆಯ ಬಡತನವನ್ನು ಸಹಪಾಠಿಗಳ ಮುಂದೆ ಬಿಚ್ಚಿಡೆಂದು ಕೇಳಿದಂತೆ.

ಈ ಇಕ್ಕಟ್ಟಿನಲ್ಲಿ ಎನ್.ಎಸ್. ಪ್ರಭು ಅವರ ಬೆಂಗಳೂರು ಯೋಜನೆ (1979–84) ನೆರವಾಗುತ್ತದೆ. ಮಾಹಿತಿ, ತರ್ಕ, ಅಭಿಪ್ರಾಯ ಎಂಬ ಮೂರು ಬಗೆಯ ಅಂತರ-ಚಟುವಟಿಕೆಗಳಲ್ಲಿ ಪ್ರಭು ಪ್ರಾಶಸ್ತ್ಯ ನೀಡಿದ್ದು ತರ್ಕಕ್ಕೆ. ಇಂಡಿ ರೋಡ್ ನಿಲ್ದಾಣದಿಂದ ಸೊಲ್ಲಾಪುರದ ಕಡೆಗಿನ ರೈಲುಗಳ ವೇಳಾಪಟ್ಟಿ, ಕೂಲಿಯ ಲೆಕ್ಕ, ಶಾಲೆಯ ಅವಧಿಗಳನ್ನು ಕೊಟ್ಟು, ಕಲ್ಪಿತ ಕುಟುಂಬವೊಂದು ಯಾವಾಗ ಹೊರಟು ಯಾವಾಗ ಮರಳಬೇಕೆಂದು ನಿರ್ಧರಿಸಲು ಹೇಳಬಹುದು. ಆಗ ‘ಲೀವ್’, ‘ರಿಟರ್ನ್’ಗಳು ಮೊದಲು ಬಳಕೆಗೆ ಬರುತ್ತವೆ, ಯಾರ ಖಾಸಗಿ ಬದುಕೂ ಬಯಲಾಗುವುದಿಲ್ಲ.

ಪರೀಕ್ಷೆಗೂ ಮುಂದಿನ ಓದಿಗೂ ‘ಇಮಿಗ್ರಂಟ್’ ಬೇಕಲ್ಲವೆ ಎಂಬ ಆಕ್ಷೇಪ ಸಹಜ. ಬೇಕು; ನಮ್ಮ ತಕರಾರು ಕ್ರಮದ ಬಗ್ಗೆ ಮಾತ್ರ. ಆ ಪದವನ್ನು ಪರಿಚಯಿಸಲು ಸ್ಥಳೀಯ ಇತಿಹಾಸವೇ ಸಾಕಷ್ಟು ಒದಗಿಸುತ್ತದೆ. 1956ರ ವರೆಗೆ ವಿಜಯಪುರ, ಸೊಲ್ಲಾಪುರಗಳೆರಡೂ ಮುಂಬಯಿ ರಾಜ್ಯದಲ್ಲಿದ್ದವು. ಜನ ಕದಲದೆಯೂ ಗಡಿ ಕದಲಬಲ್ಲದು. ಸಾಲೋಟಗಿಯ ಕ್ರಿ.ಶ. 945ರ ಶಾಸನವು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅವರಿಗಾಗಿ 27 ವಸತಿಗಳಿದ್ದವೆಂದೂ ಹೇಳುತ್ತದೆ. ಇಂದು ‘ಹೋಗು’ ಎಂಬುದಕ್ಕೆ ಆರಂಭಸ್ಥಾನವಾದ ಊರು ಅಂದು ‘ಬರು’ ಎಂಬುದಕ್ಕೆ ಗಮ್ಯವಾಗಿತ್ತು. ಒಂದೇ ಪ್ರಯಾಣವನ್ನು ಹೊರಟ ಊರಿನಿಂದಲೂ ಸೇರಿದ ಊರಿನಿಂದಲೂ ಇಂಗ್ಲಿಷಿನಲ್ಲಿ ವಿವರಿಸಬಲ್ಲ ವಿದ್ಯಾರ್ಥಿಗೆ ಆ ಪದಜೋಡಿ ದಕ್ಕಿದೆ ಎನ್ನಬಹುದು. ಮೌಲ್ಯಮಾಪನವೂ ಅದನ್ನೇ ಅಳೆಯಬೇಕು.