ಚಿತ್ರದಲ್ಲಿ ಉಳಿಯಬೇಕಾದ ತಂತಿ

ಮಳೆಗಾಲ ಬಂತೆಂದರೆ ಗೋಕಾಕ ಮತ್ತು ಗೊಡಚಿನಮಲ್ಕಿ ಜಲಪಾತಗಳನ್ನು ನೋಡಿ, ಬರುವಾಗ ಒಂದಿಷ್ಟು ಕರದಂಟು ಕಟ್ಟಿಸಿಕೊಂಡು ಬರುವುದು ನಮ್ಮ ಕುಟುಂಬಗಳ ವಾಡಿಕೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಛಾಯಾಚಿತ್ರಗಳೂ ಕರದಂಟಿನಷ್ಟೇ ಧಾರಾಳವಾಗಿ ಮನೆಗೆ ಬರುತ್ತವೆ. ಅಂತಹ ಒಂದು ಪ್ರವಾಸದ ಅರವತ್ತು ಚಿತ್ರಗಳನ್ನು ಪರಿಚಯದ ಯುವಕನೊಬ್ಬ ಈಚೆಗೆ ನನ್ನ ಮುಂದಿಟ್ಟು ಅಭಿಪ್ರಾಯ ಕೇಳಿದ.

ಹವ್ಯಾಸಿಯ ಉತ್ಸಾಹ, ಶ್ರದ್ಧೆ ಎರಡೂ ಅವುಗಳಲ್ಲಿದ್ದವು. ಆದರೆ ಹೆಚ್ಚಿನವು ಗೋಕಾಕದವೆಂದು ಹೇಳದಿದ್ದರೆ ಯಾವ ನಾಡಿನವೆಂದೂ ತಿಳಿಯುತ್ತಿರಲಿಲ್ಲ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಆ ನೀರಿನ ಬಣ್ಣ ಕೆಂಗಂದು. ಚಿತ್ರಗಳಲ್ಲಿ ಅದು ಹಾಲಿನಂತೆ ಬೆಳ್ಳಗಿತ್ತು. ಕ್ಯಾಮೆರಾದ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಟ್ಟು ನೀರನ್ನು ರೇಷ್ಮೆಯಂತೆ ಕಾಣಿಸುವುದು ತಪ್ಪಲ್ಲ; ಅದು ಹರಿವನ್ನು ತೋರಿಸುವ ಒಂದು ಬಗೆ. ಬಣ್ಣವನ್ನು ತೊಳೆದುಬಿಡುವುದು ಬೇರೆ ಮಾತು. ಆ ಕೆಂಪು, ಮೇಲಿನ ಹೊಲಗಳಿಂದ ಕೊಚ್ಚಿ ಬಂದ ಮಣ್ಣು. 2019ರ ಆಗಸ್ಟ್‌ನಲ್ಲಿ ಗೋಕಾಕದ ಮನೆಗಳಿಗೆ ನುಗ್ಗಿದ್ದು ಇದೇ ಕೆಸರು ನೀರು. ಅಂದು ಗೋಡೆ ಕಳೆದುಕೊಂಡವರ ಮುಂದೆ ಈ ಬಿಳಿಯ ಜಲಪಾತವನ್ನು ಹಿಡಿದರೆ ಅವರು ತಮ್ಮ ನದಿಯನ್ನು ಗುರುತಿಸಿಯಾರೇ?

ಇನ್ನೊಂದು ಕೊರತೆ, ಚೌಕಟ್ಟಿನದು. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಕಣಿವೆಯ ತಳದ ವಿದ್ಯುದಾಗಾರ, ದಂಡೆಯ ಗಿರಣಿ, ಎಲ್ಲವನ್ನೂ ಜಾಣತನದಿಂದ ಹೊರಗಿಡಲಾಗಿತ್ತು. 1887ರಲ್ಲಿ ನೂಲಿನ ಗಿರಣಿ ಅಲ್ಲಿ ಕೆಲಸ ಆರಂಭಿಸಿತು; ಈ ನೀರಿನ ಬಲವನ್ನೇ ನೆಚ್ಚಿ ಒಂದು ಊರು ಬೆಳೆಯಿತು. ಅವಿಲ್ಲದ ಗೋಕಾಕ ಅರ್ಧ ಗೋಕಾಕ.

ಅರವತ್ತರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಚಿತ್ರ. ಅಂಕಲಗಿಯ ಬಳಿ ಅವರ ವಾಹನದ ಚಕ್ರ ಪಂಕ್ಚರ್ ಆದಾಗ, ಹೊತ್ತು ಕಳೆಯಲೆಂದು ತೆಗೆದದ್ದು. ಹಸಿಯಾದ ಕಪ್ಪು ಹೊಲ, ಅದರಂಚಿನಲ್ಲಿ ಕಂಬಳಿ ಹೊದ್ದ ಕುರಿಗಾಹಿ, ಒಂದೇ ದಿಕ್ಕಿಗೆ ಮುಖ ಮಾಡಿದ ಕುರಿಗಳು, ಮೋಡದ ಕೆಳಗೆ ಅಡ್ಡಲಾಗಿ ಹಾದ ವಿದ್ಯುತ್ ತಂತಿ. ಮಳೆ ಇನ್ನೇನು ಬರಲಿದೆ ಎಂಬುದನ್ನು ಕುರಿಗಳ ನಿಲುವೇ ಹೇಳುತ್ತಿತ್ತು.

“ಕಾಕಾ, ಅದ್ರಾಗ ಏನೂ ಇಲ್ಲ. ಆ ತಂತಿ ಅಳಿಸಿದ್ರ ಸ್ವಲ್ಪ ಚಲೋ ಕಾಣ್ತೈತಿ,” ಎಂದ ಆತ.

“ಅಳಿಸಬ್ಯಾಡಪಾ,” ಎಂದೆ.

ಪ್ರಕೃತಿ ವಿಭಾಗದ ಸ್ಪರ್ಧೆಗಳಲ್ಲಿ ಮನುಷ್ಯನ ಕೈಗುರುತು ಕಾಣಬಾರದೆಂಬ ನಿಯಮವಿದೆಯಲ್ಲ ಎಂದು ಆತ ವಾದಿಸಿದ. ನಿಜ, ಬಹುಮಟ್ಟಿಗೆ ಹಾಗಿದೆ. ಆದರೆ ಚಿತ್ರದಲ್ಲಿದ್ದುದನ್ನು ಅಳಿಸಬಾರದು, ಇಲ್ಲದ್ದನ್ನು ಸೇರಿಸಬಾರದು ಎಂಬುದೂ ಆ ನಿಯಮಗಳ ಭಾಗವೇ. ಕಾಡಿನ ಚಿತ್ರಕ್ಕೆ ಕಾಡಿಗೇ ಹೋಗಬೇಕು, ಹೊಲವನ್ನು ಕಾಡಾಗಿಸಬಾರದು. ತಲೆಮಾರುಗಳ ಉಳುಮೆಯಿಂದ ರೂಪುಗೊಂಡ ನಮ್ಮ ಬಯಲುಸೀಮೆಯಲ್ಲಿ ಮನುಷ್ಯನಿಲ್ಲದ ನಿಸರ್ಗವನ್ನು ಹುಡುಕುವವನು, ಕಣ್ಣೆದುರಿಗಿರುವುದನ್ನೇ ಕಾಣದೆ ಹೋಗುತ್ತಾನೆ.

ಪ್ರವಾಸಿಗೆ ಸಮಯ ಕಡಿಮೆ ಎಂಬ ಮಾತನ್ನು ಒಪ್ಪಬೇಕು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳಿಗಾಗಿ ವರ್ಷಗಟ್ಟಲೆ ಕಾದರು. ಒಂದು ದಿನದ ಪ್ರವಾಸಿಗೆ ಆ ಭಾಗ್ಯವಿಲ್ಲ. ಆದರೆ ಅಂಕಲಗಿಯ ಆ ಚಿತ್ರಕ್ಕೆ ಬೇಕಾದದ್ದು ಅರ್ಧ ಗಂಟೆ ಮಾತ್ರ. ಅಲ್ಲಿ ನೋಡಲೇಬೇಕಾದ ಸ್ಥಳವೆಂಬ ಫಲಕವಿರಲಿಲ್ಲ. ಹೀಗೆಯೇ ತೆಗೆಯಬೇಕೆಂದು ಮೊದಲೇ ಮನಸ್ಸಿನಲ್ಲಿ ಮೂಡಿದ ಮಾದರಿಯೂ ಇರಲಿಲ್ಲ. ಆದ್ದರಿಂದಲೇ ಆತ ಮೊದಲ ಬಾರಿಗೆ ನೋಡಿದ್ದಾನೆ.

ಆತ ತಂತಿಯನ್ನು ಉಳಿಸಿಕೊಂಡು ಚಿತ್ರವನ್ನು ಅಚ್ಚು ಹಾಕಿಸಿದ್ದಾನೆ. ಜಲಪಾತಕ್ಕೆ ಮುಂದಿನ ಮೇ ತಿಂಗಳಲ್ಲಿ, ನೀರು ಬತ್ತಿ ಬಂಡೆ ಬರಿದಾದಾಗ ಮತ್ತೊಮ್ಮೆ ಹೋಗಿ ಬಾ ಎಂದಿದ್ದೇನೆ. ಹೋಗುವಾಗ ಅಂಕಲಗಿಯಲ್ಲಿ ಚಕ್ರ ಗಟ್ಟಿಯಾಗಿದ್ದರೂ ಇಳಿಯಬೇಕೆಂದೂ ಹೇಳಿದ್ದೇನೆ.