ತೇಲುವ ಶಾಲೆ, ಬೆಳ್ಳಿಯ ಸಿಂಹ

ಕಟ್ಟಡವನ್ನೂ ಕಾವ್ಯದ ಹಾಗೆ ಓದಬೇಕು ಎನ್ನುವವರಿದ್ದಾರೆ. ಓದೋಣ. ಆದರೆ ನಾವು ಓದುವುದು ಕೇರಿಯಲ್ಲಿ ನಿಂತು. ಊರಿನ ನೀರೆಲ್ಲ ಬಂದು ನಿಲ್ಲುವ ತಗ್ಗು ಯಾರ ಪಾಲಿಗೆ ಬಂದಿದೆ ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಮುದ್ರ ಏರುತ್ತಿದೆ, ಕರಾವಳಿಯ ನಗರಗಳು ನೀರಿಗೆ ಒಗ್ಗಬೇಕು ಎಂಬ ಮಾತು ಬಂದಾಗ ನೈಜೀರಿಯಾದ ಲಾಗೋಸ್ ನಗರವನ್ನು ನೋಡಬೇಕು. ಅಲ್ಲಿನ ಹಿನ್ನೀರಿನಲ್ಲಿ ಮಕೋಕೊ ಎಂಬ ಮೀನುಗಾರರ ಕೇರಿ. ಮರದ ಕಂಬಗಳ ಮೇಲೆ ಮನೆ, ಓಡಾಟಕ್ಕೆ ದೋಣಿ. ವಾಸ್ತುಶಿಲ್ಪಿ ಕುನ್ಲೆ ಅಡೆಯೆಮಿ 2013ರಲ್ಲಿ ಅಲ್ಲಿ ಮರ, ಬಿದಿರು, ಪ್ಲಾಸ್ಟಿಕ್ ಪೀಪಾಯಿಗಳಿಂದ ಒಂದು ತೇಲುವ ಶಾಲೆ ಕಟ್ಟಿದರು. ನೀರು ಏರಿದರೆ ಶಾಲೆಯೂ ಏರುತ್ತದೆ. ಕಲ್ಪನೆ ಚೆಂದ. ಉದ್ದೇಶದ ಬಗ್ಗೆಯೂ ನಮಗೆ ಅನುಮಾನವಿಲ್ಲ.

2016ರ ಮೇ ತಿಂಗಳಲ್ಲಿ ಇಟಲಿಯ ವೆನಿಸ್ ನಗರದ ವಾಸ್ತುಶಿಲ್ಪ ಮೇಳದಲ್ಲಿ ಈ ಶಾಲೆಯ ಪ್ರತಿರೂಪ ತೇಲಿತು; ಬೆಳ್ಳಿಯ ಸಿಂಹದ ಬಹುಮಾನವೂ ಬಂತು. ಜೂನ್ 7ರಂದು ಮಕೋಕೊದ ಮೂಲ ಶಾಲೆ ಮಳೆಗೆ ಕುಸಿದುಬಿತ್ತು. ಮಕ್ಕಳು ಒಳಗಿರಲಿಲ್ಲ ಅನ್ನೋದಷ್ಟೇ ಸಮಾಧಾನ.

ಯಾವ ಮೊಳೆ ಸಡಿಲವಾಯಿತು ಎಂಬ ಲೆಕ್ಕವನ್ನು ಎಂಜಿನಿಯರುಗಳು ಹಾಕಲಿ. ನಮ್ಮ ಲೆಕ್ಕ ಬೇರೆ. ಶಾಲೆ ಏಳುವ ಮೊದಲೇ, 2012ರ ಜುಲೈನಲ್ಲಿ, ಸರ್ಕಾರ 72 ಗಂಟೆಗಳ ನೋಟೀಸು ಕೊಟ್ಟು ಮಕೋಕೊದ ಮನೆಗಳನ್ನು ಕೆಡವಿತ್ತು. ಅದೇ ನಗರದ ಕಡಲ ದಡದಲ್ಲಿ ಸಮುದ್ರವನ್ನೇ ತುಂಬಿಸಿ, ಸುಮಾರು 8 ಕಿ.ಮೀ. ಉದ್ದದ ಗೋಡೆಯ ಯೋಜನೆ ಹಾಕಿ, ಎಕೊ ಅಟ್ಲಾಂಟಿಕ್ ಎಂಬ ಉಳ್ಳವರ ನಗರಕ್ಕೆ ನೆಲ ಮಾಡುತ್ತಿದ್ದರು. ಬಡವರು ನೀರಿನ ಮೇಲೆ ಬದುಕಿದರೆ ಅತಿಕ್ರಮಣ, ಉಳ್ಳವರು ನೀರನ್ನೇ ನುಂಗಿದರೆ ಅಭಿವೃದ್ಧಿ! ಆ ದಡದ ಮರಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುವಂಥದ್ದು. ಅಡ್ಡಲಾಗಿ ಏನೇ ಎದ್ದು ನಿಂತರೂ ಪೂರ್ವದ ದಡಕ್ಕೆ ಮರಳು ಸಿಗದೆ ಕೊರೆತ ಹೆಚ್ಚುತ್ತದೆ. ಗೋಡೆ ಬಂದಮೇಲೆ ಕಡಲು ತಮ್ಮ ಮನೆಗಳಿಗೇ ನುಗ್ಗುತ್ತಿದೆ ಎಂದು ಪೂರ್ವದ ಒಕುನ್ ಆಲ್ಫಾ ಹಳ್ಳಿಯ ಜನ ದೂರಿದರು.

ಹಾಗಾದರೆ ಆ ಶಾಲೆಯ ಮಿತಿ ಎಲ್ಲಿದೆ? ಅದು ಏರುವ ನೀರಿಗೆ ಉತ್ತರ ಹುಡುಕಿತು, ಬಾಗಿಲಿಗೆ ಬರುವ ನೋಟೀಸಿಗೆ ಅದರಲ್ಲಿ ಉತ್ತರವಿರಲಿಲ್ಲ. ನೀರಿನ ಮೇಲೆ ಬದುಕುವ ವಿದ್ಯೆ ಮಕೋಕೊದವರಿಗೆ ಮೊದಲೇ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇರುವಲ್ಲೇ ಇರುವ ಹಕ್ಕು. ಅದಿಲ್ಲದೆ ಎಷ್ಟು ಚೆಂದದ ಕಟ್ಟಡವೂ ಮೇಳದಲ್ಲಿ ತೋರಿಸುವ ವಸ್ತುವಾಗಿಬಿಡುತ್ತದೆ.

ಉಪಾಧ್ಯಾಯ ಗೆಳೆಯರೇ, ಕರಾವಳಿ ಉಳಿಸುವ ನಕ್ಷೆಯೊಂದು ನಿಮ್ಮ ಕೈಗೆ ಬಂದರೆ ಮಕ್ಕಳ ಮುಂದೆ ಹರಡಿ. ಗೋಡೆಯ ಗೆರೆ ಎಲ್ಲಿ ನಿಲ್ಲುತ್ತದೆ, ಅದರ ಆಚೆ ಯಾರ ಮನೆಗಳಿವೆ ಅಂತ ಕೇಳಿ. ವಿಮರ್ಶೆ ಅಲ್ಲಿಂದ ಶುರುವಾಗಲಿ.