ಒರೆಸಿಟ್ಟ ಕಾರು

ಜಾನ್ ಹ್ಯೂಸ್ ನಿರ್ದೇಶಿಸಿದ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ 1986ರ ಅಮೆರಿಕನ್ ಚಿತ್ರ. ಶಾಲೆಗೆ ಚಕ್ಕರ್ ಹೊಡೆದು ಷಿಕಾಗೋ ಸುತ್ತುವ ಮೂವರು ಹುಡುಗ ಹುಡುಗಿಯರ ಕಥೆ. ನೋಡಿದವರೆಲ್ಲ ನಕ್ಕು ಹಗುರಾಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೂ ತುಂಟ ಫೆರಿಸ್‌ಗಿಂತ ನನ್ನನ್ನು ಹೆಚ್ಚು ಕಾಡಿದವನು ಅವನ ಗೆಳೆಯ ಕ್ಯಾಮರಾನ್, ಮತ್ತು ಅವನ ಮನೆಯ ಗಾಜಿನ ಗ್ಯಾರೇಜಿನಲ್ಲಿ ನಿಂತಿರುವ ಕೆಂಪು ಕಾರು.

ಅದು 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ. ಹನ್ನೆರಡು ಸಿಲಿಂಡರುಗಳ, 3 ಲೀಟರ್ ಎಂಜಿನ್ನಿನ, ಮೇಲೆ ಸೂರಿಲ್ಲದ ವೇಗದ ಕಾರು. ಇಟಲಿಯ ಆ ಕಂಪನಿ ಈ ಜಾತಿಯ ಕಾರುಗಳನ್ನು ತಯಾರಿಸಿದ್ದೇ ನೂರರ ಆಸುಪಾಸು. ಕ್ಯಾಮರಾನನ ತಂದೆ ಮೂರು ವರ್ಷ ದುಡಿದು ಇದನ್ನು ಮತ್ತೆ ಹೊಸದರಂತೆ ಮಾಡಿದ್ದಾನೆ. ಆದರೆ ಓಡಿಸುವುದಿಲ್ಲ. ಹಸುಗೂಸಿಗೆ ಕಟ್ಟುವ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾನಂತೆ! ಮೀಟರಿನಲ್ಲಿ ಎಷ್ಟು ಮೈಲಿಯೆಂಬುದು ಅವನಿಗೆ ಬಾಯಿಪಾಠ.

ಹಳೆಯ ವೇಗದ ಕಾರನ್ನು ಸಾಕುವುದೆಂದರೇನು ಎಂದು ಬಲ್ಲವರಿಗೆ ಈ ಪ್ರೀತಿಯ ಹುಳುಕು ತಟ್ಟನೆ ಕಾಣುತ್ತದೆ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗುತ್ತದೆ. ರಬ್ಬರಿನ ಸೀಲುಗಳು ಒಣಗಿ ಎಣ್ಣೆ ಸೋರುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿ ಒಳಗಿನ ಲೋಹಕ್ಕೆ ತುಕ್ಕು ತರುತ್ತದೆ. ಒಂದೇ ಮಗ್ಗುಲಲ್ಲಿ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ. ಈ ಕಾರಿನ ಮೂರು ಕಾರ್ಬುರೇಟರುಗಳು ಸಮನಾಗಿ ಉಸಿರಾಡಬೇಕು. ಒಂದು ಏರುಪೇರಾದರೂ ಎಂಜಿನ್ನು ಮುಗ್ಗರಿಸುತ್ತದೆ. ಅವನ್ನು ಹೊಂದಿಸಲು ಕಿವಿ ಬೇಕು, ತಾಳ್ಮೆ ಬೇಕು. ಹೊಂದಿಸಿದ ಮೇಲೆ ಎಂಜಿನ್ನು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಲೂ ಬೇಕು. ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ರೇಷ್ಮೆ ಸೀರೆಯನ್ನು ಟ್ರಂಕಿನ ತಳದಲ್ಲಿ ಹಾಗೇ ಇಟ್ಟರೆ ಮಡಿಕೆಯ ಗುಂಟ ಸೀಳುತ್ತದೆ. ಆಗಾಗ ತೆಗೆದು ಉಟ್ಟು, ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಬೇಕು. ಒರೆಸುವುದು ಬೇರೆ, ಬಾಳಿಸುವುದು ಬೇರೆ.

ಆದರೆ ದುಡ್ಡಿನ ಲೋಕಕ್ಕೆ ಈ ವ್ಯತ್ಯಾಸ ಬೇಕಾಗಿಲ್ಲ. ಇದೇ ಜಾತಿಯ, ಒಂದು ಕಾಲಕ್ಕೆ ಫ್ರೆಂಚ್ ನಟ ಅಲೈನ್ ದೆಲೋನ್ ಅವರ ಬಳಿ ಇದ್ದ ಕಾರೊಂದು ಫ್ರಾನ್ಸಿನ ಗ್ಯಾರೇಜೊಂದರಲ್ಲಿ ಹಳೆಯ ಪತ್ರಿಕೆಗಳ ರಾಶಿಯಡಿ ಧೂಳು ತಿನ್ನುತ್ತ ಬಿದ್ದಿತ್ತು. 2015ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದಕ್ಕೆ 1.6 ಕೋಟಿ ಯೂರೋಗಳಿಗೂ ಮಿಕ್ಕಿ ಬೆಲೆ ಬಂತು. ಓಡಲಿ ಬಿಡಲಿ, ಕಾರು ಒಂದು ಗಂಟು. ಕ್ಯಾಮರಾನನ ತಂದೆ ಕಾಯುತ್ತಿರುವುದೂ ಅಂಥ ಗಂಟನ್ನೇ. ಇಷ್ಟನ್ನು ಚಿತ್ರ ಚೆನ್ನಾಗಿ ಹಿಡಿದಿದೆ.

ನನ್ನ ತಕರಾರು ಮುಂದಿನದರ ಬಗ್ಗೆ. ಕದ್ದು ಓಡಿಸಿದ ಮೈಲಿಗಳನ್ನು ಅಳಿಸಲು ಹುಡುಗರು ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸುತ್ತಾರೆ. ಮೀಟರು ಇಳಿಯುವುದಿಲ್ಲ. ವರ್ಷಗಳ ಸಿಟ್ಟೆಲ್ಲ ಕಾಲಿಗೆ ಬಂದು ಕ್ಯಾಮರಾನ್ ಕಾರನ್ನು ಒದೆಯುತ್ತಾನೆ. ಅದು ಜಾಕಿನಿಂದ ಜಾರಿ, ಗಾಜು ಒಡೆದುಕೊಂಡು ಕೆಳಗಿನ ಕಮರಿಗೆ ಬೀಳುತ್ತದೆ. ಅಲನ್ ರಕ್ ಅವರ ಅಭಿನಯ ಇಲ್ಲಿ ಕರುಳು ಹಿಂಡುತ್ತದೆ. ಅಪ್ಪನನ್ನು ಎದುರಿಸಿಯೇ ತೀರುತ್ತೇನೆ ಎನ್ನುತ್ತಾನೆ ಹುಡುಗ. ಚಿತ್ರವೋ ಅವನನ್ನು ಅಲ್ಲಿಯೇ ಬಿಟ್ಟು ಫೆರಿಸ್‌ನ ಹಿಂದೆ ಓಡಿಬಿಡುತ್ತದೆ. ಅಪ್ಪ ತೆರೆಯ ಮೇಲೆ ಬರುವುದೇ ಇಲ್ಲ.

ಒಡೆಯುವುದು ಸುಲಭದ ಬಿಡುಗಡೆ. ಅದೂ ಬಿದ್ದದ್ದು ಅಸಲಿ ಫೆರಾರಿಯಲ್ಲ, ಫೈಬರ್‌ಗ್ಲಾಸ್ ಮೈಯ ನಕಲು; ಅಸಲಿಯನ್ನು ಒಡೆಯುವುದು ಚಿತ್ರ ತೆಗೆದವರಿಗೂ ದುಬಾರಿಯೇ. ಆದರೆ ಆ ಮೂರು ವರ್ಷಗಳ ಕೆಲಸದಲ್ಲಿ ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದನೇ? ಅವನ ಕೈಗೆ ಒಂದು ಸ್ಪ್ಯಾನರ್ ಕೊಟ್ಟು, ಈ ನಟ್ಟು ಬಿಗಿ ಮಾಡು ಮಗಾ ಎಂದಿದ್ದನೇ? ಚಿತ್ರಕ್ಕೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಕೈಗೆ ಎಣ್ಣೆ ಮೆತ್ತಿಕೊಂಡು ಕಲಿತ ಹುಡುಗನಿಗೆ ಅದು ಅಪ್ಪನ ಕಾರಾಗಿ ಉಳಿಯುತ್ತಿರಲಿಲ್ಲ, ತಮ್ಮಿಬ್ಬರದಾಗುತ್ತಿತ್ತು. ಆಗ ಒದೆಯಲು ಕಾಲು ಬರುತ್ತಿತ್ತೇ?

ವಸ್ತುವನ್ನು ಜತನ ಮಾಡುವುದು ತಪ್ಪೆಂಬಂತೆ ಚಿತ್ರ ನಗಿಸುತ್ತದೆ. ಜತನ ತಪ್ಪಲ್ಲ, ಮನೆಯವರನ್ನು ಹೊರಗಿಟ್ಟು ಮಾಡುವ ಜತನ ತಪ್ಪು. ಅದನ್ನು ಹೇಳಬೇಕಿದ್ದರೆ ತಪ್ಪಿಸಿಕೊಂಡ ಆ ಒಂದು ದೃಶ್ಯವನ್ನು ಹ್ಯೂಸ್ ತೆಗೆಯಲೇಬೇಕಿತ್ತು: ಸಂಜೆ ಮನೆಗೆ ಬಂದ ಅಪ್ಪ ಗ್ಯಾರೇಜಿನಲ್ಲಿ ಕಾಲಿಟ್ಟಾಗ ಮೊದಲು ನೋಡಿದ್ದು ಒಡೆದ ಗಾಜನ್ನೋ, ಅದರ ಪಕ್ಕದಲ್ಲಿ ನಿಂತ ಮಗನನ್ನೋ?